ತಸ್ವೀರು ತೋರಿಸಿದ ತಪ್ಪಿಗೆ

ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ 2007ರ ಮೇ ತಿಂಗಳಲ್ಲಿ ನಡೆದದ್ದನ್ನು ನಮ್ಮಲ್ಲಿ ಅನೇಕರು ಮರೆತಿದ್ದಾರೆ. ಅಲ್ಲಿನ ಲಲಿತಕಲಾ ನಿಕಾಯದ ಕೊನೆಯ ವರ್ಷದ ವಿದ್ಯಾರ್ಥಿಗಳು ಪರೀಕ್ಷೆಗೆಂದು ತಮ್ಮ ಕೃತಿಗಳನ್ನು ಪ್ರದರ್ಶನಕ್ಕಿಟ್ಟಿದ್ದರು. ಮೌಲ್ಯಮಾಪನ ಮಾಡಬೇಕಾದವರು ಅಧ್ಯಾಪಕರು. ಆದರೆ ಸಂಘ ಪರಿವಾರದ ಸ್ಥಳೀಯ ಮುಖಂಡನೊಬ್ಬ ಹಿಂಬಾಲಕರನ್ನು ಕಟ್ಟಿಕೊಂಡು ಒಳನುಗ್ಗಿ ಮೌಲ್ಯಮಾಪನ ಮುಗಿಸಿಬಿಟ್ಟ. ಒಬ್ಬ ವಿದ್ಯಾರ್ಥಿ ದೇವಿಯನ್ನೂ ಏಸುವನ್ನೂ ಅವಮಾನಿಸಿದ್ದಾನೆ ಎಂಬುದು ದೂರು. ಪೊಲೀಸರು ಚಿತ್ರ ಬರೆದವನನ್ನೇ ಹಿಡಿದುಕೊಂಡು ಹೋದರು. ನುಗ್ಗಿದವರು ತಮ್ಮ ಪಾಡಿಗೆ ಮನೆಗೆ ಹೋದರು.

ಆಗ ನಿಕಾಯದ ಪ್ರಭಾರ ಡೀನ್ ಆಗಿದ್ದವರು ಕಲಾ ಇತಿಹಾಸಕಾರ ಶಿವಾಜಿ ಪಣಿಕ್ಕರ್. ಸಪ್ತಮಾತೃಕೆಯರ ಆರಾಧನೆ ಮತ್ತು ಶಿಲ್ಪಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ ಪುಸ್ತಕ ಬರೆದವರು. ಅಂದರೆ ದೇವಿಯ ಮಾನ ಕಾಯಲು ಬಂದ ಗುಂಪಿನಲ್ಲಿ ಯಾರಿಗೂ ಗೊತ್ತಿಲ್ಲದಷ್ಟು ದೇವಿಯರನ್ನು ಬಲ್ಲವರು. ವಿದ್ಯಾರ್ಥಿಗಳು ಪ್ರತಿಭಟಿಸಿದ ರೀತಿಯೂ ಸೊಗಸಾಗಿತ್ತು. ಘೋಷಣೆ ಕೂಗುವ ಬದಲು, ವಿಭಾಗದ ಆರ್ಕೈವಿನಲ್ಲಿದ್ದ ಹಳೆಯ ಶಿಲ್ಪ, ಚಿತ್ರಗಳ ಪ್ರತಿಗಳನ್ನು ತೆಗೆದು ಪ್ರದರ್ಶನಕ್ಕಿಟ್ಟರು. ನೋಡಿ, ನಮ್ಮ ಪರಂಪರೆ ಇದು, ಇದರಲ್ಲಿ ಬೆತ್ತಲೆಯೂ ಇದೆ ಭಕ್ತಿಯೂ ಇದೆ ಎಂದರು. ಮೇಲಿನವರು ಅದನ್ನು ಮುಚ್ಚಿಸಿ ಎಂದು ಪಣಿಕ್ಕರ್‌ಗೆ ಆದೇಶ ಕೊಟ್ಟರು. ಅವರು ಒಪ್ಪಲಿಲ್ಲ. ಪ್ರದರ್ಶನಕ್ಕೆ ಬೀಗ ಬಿತ್ತು, ಪಣಿಕ್ಕರ್ ಅಮಾನತಾದರು. ಬರೋಡದಲ್ಲಿ ಕಟ್ಟಿಕೊಂಡಿದ್ದ ಅವರ ವೃತ್ತಿಜೀವನ ಅಲ್ಲಿಗೆ ಮುರಿಯಿತು. ಆಮೇಲೆ ದೆಹಲಿಯ ಅಂಬೇಡ್ಕರ್ ವಿಶ್ವವಿದ್ಯಾಲಯಕ್ಕೆ ಹೋಗಿ ಪಾಠ ಮಾಡಿದರು. ಆ ವಿದ್ಯಾರ್ಥಿಯ ಕತೆ ಇನ್ನೂ ಕಷ್ಟದ್ದು. ಹನ್ನೊಂದು ವರ್ಷ ಅವನ ಫಲಿತಾಂಶ ಹೊರಬರಲಿಲ್ಲ. 2018ರಲ್ಲಿ ವಿಶ್ವವಿದ್ಯಾಲಯದ ಮುಖ್ಯ ಕಚೇರಿಗೆ ಬೆಂಕಿ ಇಟ್ಟ ಆರೋಪದಲ್ಲಿ ಅವನೇ ಬಂಧನಕ್ಕೊಳಗಾದ.

ಈ ಪ್ರಕರಣದಲ್ಲಿ ನಾವು, ಅಂದರೆ ಕನ್ನಡದಲ್ಲಿ ಬರೆಯುವ ಮುಸ್ಲಿಮರು, ಯಾವ ಕಡೆ ನಿಲ್ಲಬೇಕೆಂದು ತಲೆ ಕೆರೆದುಕೊಳ್ಳಬೇಕಾಗಿರಲಿಲ್ಲ. ಎಂ.ಎಫ್. ಹುಸೇನ್ ಅದಾಗಲೇ ದೇಶ ಬಿಟ್ಟಾಗಿತ್ತು. ಕಲೆಯನ್ನು ಅವಮಾನವೆಂದು ಕರೆಯುವವರು ಕಲೆಯನ್ನೂ ಬಲ್ಲವರಲ್ಲ, ಧರ್ಮವನ್ನೂ ಬಲ್ಲವರಲ್ಲ ಎಂದು ವಾದಿಸಿದೆವು. ವಿಶ್ವವಿದ್ಯಾಲಯವೆಂಬುದು ಗುಂಪಿನ ಮಾತಿಗೆ ಮಣಿಯಬಾರದು ಎಂದೆವು. ಎಲ್ಲ ಸರಿಯಾದ ಮಾತುಗಳೇ. ಸುಲಭದ ಮಾತುಗಳೂ ಹೌದು, ಯಾಕೆಂದರೆ ನೊಂದುಕೊಂಡವರೆಂದು ಹೇಳಿಕೊಂಡವರು ನಮ್ಮವರಾಗಿರಲಿಲ್ಲ.

ಅದೇ ಮಾತುಗಳನ್ನು ನಮ್ಮ ಮನೆಯ ಹೊಸಿಲಿಗೆ ತಂದು ನಿಲ್ಲಿಸಿದ ಪ್ರಕರಣ 2022ರಲ್ಲಿ ಅಮೆರಿಕದಲ್ಲಿ ನಡೆಯಿತು. ಅದರ ಬಗ್ಗೆ ಉರ್ದು, ಕನ್ನಡ ಎರಡರಲ್ಲೂ ನನ್ನ ಕಣ್ಣಿಗೆ ಬಿದ್ದದ್ದು ಬಹಳ ಕಡಿಮೆ. ಬಿದ್ದದ್ದರಲ್ಲೂ ಹೆಚ್ಚಿನವು ಅರ್ಧ ಸತ್ಯ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳಬೇಕು.

ಮಿನೆಸೋಟ ರಾಜ್ಯದ ಸೇಂಟ್ ಪಾಲ್ ನಗರದಲ್ಲಿ ಹ್ಯಾಮ್ಲಿನ್ ಎಂಬ ಖಾಸಗಿ ವಿಶ್ವವಿದ್ಯಾಲಯವಿದೆ. 1854ರಲ್ಲಿ ಮೆಥಡಿಸ್ಟ್ ಕ್ರೈಸ್ತರು ಸ್ಥಾಪಿಸಿದ್ದು. ಅಲ್ಲಿ ಎರಿಕಾ ಲೋಪೆಸ್ ಪ್ರೇಟರ್ ಎಂಬ ಕಲಾ ಇತಿಹಾಸದ ಅಧ್ಯಾಪಕಿ ಜಾಗತಿಕ ಕಲೆಯ ಪರಿಚಯದ ಕೋರ್ಸು ನಡೆಸುತ್ತಿದ್ದರು. ಕಾಯಂ ಹುದ್ದೆಯಲ್ಲ, ಒಂದು ಸೆಮಿಸ್ಟರಿನ ಲೆಕ್ಕದಲ್ಲಿ. ಆ ವರ್ಷ ಅಕ್ಟೋಬರ್ 6ರ ಆನ್‌ಲೈನ್ ತರಗತಿಯಲ್ಲಿ ಇಸ್ಲಾಮೀ ಕಲೆಯ ಪಾಠವಿತ್ತು. ಹದಿನಾಲ್ಕನೇ ಶತಮಾನದ ಪರ್ಷಿಯಾದ ಒಂದು ಚಿತ್ರವನ್ನು ತೋರಿಸಿದರು. ಅದರಲ್ಲಿ ಪ್ರವಾದಿ ಮುಹಮ್ಮದರು (ಸ) ಜಿಬ್ರೀಲರಿಂದ ಮೊದಲ ವಹೀ ಪಡೆಯುವ ಸಂದರ್ಭವಿದೆ. ಹದಿನಾರನೇ ಶತಮಾನದ ಆಟೊಮನ್ ತುರ್ಕರ ಇನ್ನೊಂದು ಚಿತ್ರವನ್ನೂ ತೋರಿಸಿದರು. ಅದರಲ್ಲಿ ಮುಖಕ್ಕೆ ಪರದೆ ಇದೆ, ಸುತ್ತ ಜ್ಯೋತಿ ಇದೆ.

ಇಷ್ಟನ್ನು ಮಾಡುವ ಮೊದಲು ಆಕೆ ಏನು ಮಾಡಿದ್ದರು ಎಂಬುದನ್ನೂ ಕೇಳಬೇಕು. ಪವಿತ್ರ ವ್ಯಕ್ತಿಗಳ ಚಿತ್ರಗಳು, ಪ್ರವಾದಿಯವರದೂ ಬುದ್ಧನದೂ ಸೇರಿ, ಈ ಕೋರ್ಸಿನಲ್ಲಿ ಬರುತ್ತವೆ, ಯಾರಿಗಾದರೂ ತೊಂದರೆ ಅನ್ನಿಸಿದರೆ ಮುಂಚೆಯೇ ಬಂದು ಹೇಳಿ ಎಂದು ಪಠ್ಯಕ್ರಮದಲ್ಲಿ ಬರೆದಿದ್ದರು. ಯಾರೂ ಬಂದು ಹೇಳಲಿಲ್ಲ. ತರಗತಿಯ ದಿನವೂ, ಚಿತ್ರ ತೆರೆಯುವ ಮೊದಲು ಕೆಲವು ನಿಮಿಷ ಅದೇ ಮಾತು ಹೇಳಿ, ನೋಡಲು ಇಷ್ಟವಿಲ್ಲದವರು ಎದ್ದುಹೋಗಲು ಅವಕಾಶ ಕೊಟ್ಟರು. ಇದಕ್ಕಿಂತ ಹೆಚ್ಚು ಅದಬ್ ಯಾವ ಮೇಷ್ಟ್ರಿಂದ ನಿರೀಕ್ಷಿಸೋಣ? ನಮ್ಮ ಕಾಲೇಜುಗಳಲ್ಲಿ ಇಷ್ಟು ಮುನ್ಸೂಚನೆ ಕಿರುಪರೀಕ್ಷೆಗೂ ಸಿಗುವುದಿಲ್ಲ.

ಪಾಠ ಮುಗಿದ ಮೇಲೆ ಒಬ್ಬ ಮುಸ್ಲಿಂ ವಿದ್ಯಾರ್ಥಿನಿ ತನಗೆ ನೋವಾಯಿತೆಂದು ಆಕೆಗೇ ಹೇಳಿದಳು, ಆಮೇಲೆ ಆಡಳಿತಕ್ಕೆ ದೂರು ಕೊಟ್ಟಳು. ಅಧ್ಯಾಪಕಿ ಅವಳಿಗೆ ಪತ್ರ ಬರೆದು ವಿಷಾದ ವ್ಯಕ್ತಪಡಿಸಿದರು. ಮಾತು ಅಲ್ಲಿಗೆ ಮುಗಿಯಬಹುದಿತ್ತು. ಆದರೆ ನವೆಂಬರ್ 7ರಂದು ವಿಶ್ವವಿದ್ಯಾಲಯದ ಆಡಳಿತಾಧಿಕಾರಿಯೊಬ್ಬರು ಎಲ್ಲ ನೌಕರರಿಗೂ ಮಿಂಚಂಚೆ ಕಳಿಸಿ, ತರಗತಿಯಲ್ಲಿ ನಡೆದದ್ದು ಇಸ್ಲಾಮೋಫೋಬಿಯಾ, ಅಂದರೆ ಮುಸ್ಲಿಂ ದ್ವೇಷ, ಎಂದು ಘೋಷಿಸಿದರು. ಮುಂದಿನ ಸೆಮಿಸ್ಟರಿಗೆ ಆಕೆಗೆ ಕೊಡಬೇಕೆಂದಿದ್ದ ಕೋರ್ಸನ್ನು ಹಿಂದಕ್ಕೆ ತೆಗೆದುಕೊಂಡರು. ಡಿಸೆಂಬರಿನಲ್ಲಿ ಅಧ್ಯಕ್ಷೆಯ ಸಹಿ ಇದ್ದ ಪತ್ರವೊಂದು ಇನ್ನೂ ಮುಂದೆ ಹೋಯಿತು. ಆ ತರಗತಿಯಲ್ಲಿದ್ದ ಧರ್ಮನಿಷ್ಠ ಮುಸ್ಲಿಂ ವಿದ್ಯಾರ್ಥಿಗಳ ಮೇಲಿನ ಗೌರವ ಬೋಧನೆಯ ಸ್ವಾತಂತ್ರ್ಯಕ್ಕಿಂತ ಮೇಲಾಗಬೇಕಿತ್ತು ಎಂಬುದು ಅದರ ಸಾರಾಂಶ. ಅಲ್ಲಿನ ಧರ್ಮಶಾಸ್ತ್ರ ವಿಭಾಗದ ಒಬ್ಬ ಪ್ರಾಧ್ಯಾಪಕರು ಆ ಚಿತ್ರಗಳ ಹಿನ್ನೆಲೆ ವಿವರಿಸಿ ವಿದ್ಯಾರ್ಥಿ ಪತ್ರಿಕೆಗೆ ಲೇಖನ ಬರೆದರು. ಲೇಖನ ಪ್ರಕಟವಾಯಿತು, ಎರಡು ದಿನ ಕಳೆಯುವಷ್ಟರಲ್ಲಿ ಮಾಯವೂ ಆಯಿತು.

ಈಗ ಆ ಚಿತ್ರದ ಕಡೆ ಬರೋಣ. ಈ ಗಲಾಟೆಯಲ್ಲಿ ಯಾರೂ ಕೇಳದ ಪ್ರಶ್ನೆ ಅದು: ಬರೆದವರು ಯಾರು?

ಬರೆದವರು ಡೆನ್ಮಾರ್ಕಿನ ವ್ಯಂಗ್ಯಚಿತ್ರಕಾರರಲ್ಲ. ತಬ್ರೀಜ್ ನಗರದ ಮುಸ್ಲಿಮರ ಕಾರ್ಖಾನೆಯಲ್ಲಿ ಅದು ತಯಾರಾಯಿತು. ಬಗ್ದಾದನ್ನು ಸುಟ್ಟ ಹುಲಾಕೂನ ವಂಶದ ಗಾಜಾನ್ 1295ರಲ್ಲಿ ಇಸ್ಲಾಮಿಗೆ ಬಂದ. ಅವನ ವಜೀರ ರಶೀದುದ್ದೀನ್. ಯಹೂದಿ ಮನೆತನದಲ್ಲಿ ಹುಟ್ಟಿ ಮುಸ್ಲಿಮನಾದ ಹಕೀಮ, ವಿದ್ವಾಂಸ. ಜಗತ್ತಿನ ಎಲ್ಲ ಜನಾಂಗಗಳ ಚರಿತ್ರೆಯನ್ನು ಒಂದೇ ಗ್ರಂಥದಲ್ಲಿ ಬರೆಯುವ ಹುಚ್ಚು ಸಾಹಸಕ್ಕೆ ಕೈಹಾಕಿದ. ಅದೇ ಜಾಮಿಉತ್ತವಾರೀಖ್. ಅದರಲ್ಲಿ ಚೀನಾ ಇದೆ, ಫ್ರಾಂಕರ ನಾಡಿದೆ, ಹಿಂದೂಸ್ತಾನವಿದೆ, ಬುದ್ಧನ ಕತೆಯೂ ಇದೆ. ತಬ್ರೀಜಿನ ಹೊರವಲಯದಲ್ಲಿ ರಬ್ಅ್-ಎ-ರಶೀದೀ ಎಂಬ ಬಡಾವಣೆಯನ್ನೇ ಕಟ್ಟಿ, ಪ್ರತಿವರ್ಷ ಅರಬ್ಬಿಯಲ್ಲೊಂದು ಫಾರಸಿಯಲ್ಲೊಂದು ಪ್ರತಿ ತಯಾರಾಗಬೇಕು ಎಂದು ವಕ್ಫ್ ಮಾಡಿದ. 1318ರಲ್ಲಿ ರಾಜಕೀಯದ ಸುಳಿಗೆ ಸಿಕ್ಕಿ ಅವನ ತಲೆ ಉರುಳಿತು. ಪುಸ್ತಕ ಉಳಿಯಿತು.

ವಹೀ ಇಳಿದ ಚಿತ್ರ ಆ ಪುಸ್ತಕದ್ದು. ಅದೇ ಹಸ್ತಪ್ರತಿಯಲ್ಲಿ ಇನ್ನೊಂದು ಚಿತ್ರವಿದೆ. ಕಾಬಾದ ದುರಸ್ತಿಯ ಕಾಲದಲ್ಲಿ ಹಜ್ರೆ ಅಸ್ವದನ್ನು ಯಾರು ಎತ್ತಿಡಬೇಕೆಂದು ಕಬೀಲೆಗಳು ಜಗಳವಾಡಿದಾಗ, ಪ್ರವಾದಿಯವರು (ಸ) ಬಟ್ಟೆ ಹಾಸಿ ಕಲ್ಲನ್ನು ಅದರ ಮೇಲಿಟ್ಟು ಎಲ್ಲರ ಕೈಯಿಂದಲೂ ಎತ್ತಿಸಿದ ಪ್ರಸಂಗ. ಮದರಸಾಕ್ಕೆ ಹೋದ ಪ್ರತಿ ಮಗುವೂ ಕೇಳಿರುವ, ಮೌಲೂದಿನ ರಾತ್ರಿಗಳಲ್ಲಿ ನಾವು ಮತ್ತೆ ಮತ್ತೆ ಕೇಳಿಸಿಕೊಂಡ ಕತೆ. ತಬ್ರೀಜಿನ ಮುಸವ್ವಿರ ಅದನ್ನು ಕುಂಚದಲ್ಲಿ ಹೇಳಿದ್ದಾನೆ, ಅಷ್ಟೇ ವ್ಯತ್ಯಾಸ. ಈ ಹಸ್ತಪ್ರತಿ ಇವತ್ತು ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿದೆ. ಅಲ್ಲಿಗೆ ಹೋದ ದಾರಿ ಕೇಳಿದರೆ ನಮಗೆ ಕುತೂಹಲವಾಗಬೇಕು. ಕಂಪನಿ ಸರಕಾರದ ಅಧಿಕಾರಿ, ಲಕ್ನೋದಲ್ಲಿ ರೆಸಿಡೆಂಟ್ ಆಗಿದ್ದ ಜಾನ್ ಬೈಲಿಯ ಸಂಗ್ರಹದ ಮೂಲಕ ಅದು ಸ್ಕಾಟ್ಲೆಂಡಿಗೆ ಹೋಯಿತು. ಅಂದರೆ ಇದು ಹಿಂದೂಸ್ತಾನದಲ್ಲಿ ಬಾಳಿದ ಪುಸ್ತಕ. ನಮ್ಮ ನೆಲದ ಯಾವುದೋ ಕುತುಬ್‌ಖಾನೆಯಲ್ಲಿ ಯಾರೋ ಮುಸ್ಲಿಂ ರಯೀಸ ಅದನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಿರಬೇಕು. ಹರಿದು ಒಲೆಗೆ ಹಾಕಲಿಲ್ಲ ಎಂಬುದಂತೂ ಖಚಿತ.

"ಇಸ್ಲಾಮಿನಲ್ಲಿ ತಸ್ವೀರು ಹರಾಮ್, ಮುಗಿಯಿತಲ್ಲ" ಎಂದು ಕೆಲವು ಓದುಗರು ಇಷ್ಟು ಹೊತ್ತಿಗೆ ಪುಟ ಮಗುಚಲು ಹೊರಟಿರಬಹುದು. ತಾಳಿ. ಜೀವಿಗಳ ಚಿತ್ರ ಬರೆಯುವುದನ್ನು ತಡೆಯುವ ಹದೀಸುಗಳಿವೆ, ಬಹುಪಾಲು ಸುನ್ನಿ ಉಲೇಮಾಗಳ ಅಭಿಪ್ರಾಯ ನಿಷೇಧದ ಕಡೆಗೇ ಇದೆ, ಅದರಲ್ಲೂ ಪ್ರವಾದಿಯವರ ಚಿತ್ರದ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು. ಇದನ್ನು ನಾನು ಅಲ್ಲಗಳೆಯುತ್ತಿಲ್ಲ. ನಾನು ಓದಿದ ಉರ್ದು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರರು ಮಾವಿನಹಣ್ಣು, ಕೆಟಲಿ, ಗೋಳಗುಮ್ಮಟ ಇಷ್ಟನ್ನೇ ಬರೆಸುತ್ತಿದ್ದರು. ಯಾರಾದರೂ ಗಿಳಿ ಬರೆದರೆ, "ಕಣ್ಣು ಇಡಬೇಡ ಬೇಟಾ, ಕಯಾಮತ್ತಿನ ದಿನ ಇದಕ್ಕೆ ಜೀವ ತುಂಬು ಅಂತಾರೆ, ಆಗ ಏನು ಮಾಡ್ತೀ?" ಅನ್ನುತ್ತಿದ್ದರು. ನಮ್ಮ ಕಣ್ಣಿಲ್ಲದ ಗಿಳಿಗಳು ಶಾಲೆಯ ಗೋಡೆ ತುಂಬ ಕೂತಿರುತ್ತಿದ್ದವು. ಅದೇ ಮಾಸ್ತರರ ಮನೆಯ ನಡುಮನೆಯಲ್ಲಿ, ದರ್ಗಾದ ಜಾತ್ರೆಯಿಂದ ತಂದ ಬುರಾಖಿನ ಪಟ ನೇತಾಡುತ್ತಿತ್ತು: ಕುದುರೆಯ ಮೈ, ನವಿಲಿನ ಗರಿ, ಕಾಡಿಗೆ ತೀಡಿದ ಹೆಣ್ಣಿನ ಮುಖ, ಎರಡು ದೊಡ್ಡ ಕಣ್ಣು. ಇದನ್ನು ಕಪಟವೆಂದು ನಾನು ಕರೆಯುವುದಿಲ್ಲ. ಮುಸ್ಲಿಮರು ಬದುಕಿದ ರೀತಿಯೇ ಹೀಗೆ. ಫತ್ವಾ ಒಂದು ಗೋಡೆಯಲ್ಲಿ, ಬುರಾಖ್ ಇನ್ನೊಂದು ಗೋಡೆಯಲ್ಲಿ.

ಒಂದು ಕಾರ್ಯ ನಿಷಿದ್ಧವೆಂದು ಹೇಳುವುದು ಬೇರೆ, ಅದು ನಡೆದೇ ಇಲ್ಲವೆಂದು ಹೇಳುವುದು ಬೇರೆ. ಮೊದಲನೆಯದು ಫಿಕ್‌ಹ್, ಎರಡನೆಯದು ಸುಳ್ಳು. ಮದ್ಯವೂ ನಿಷಿದ್ಧ, ಹಾಗೆಂದು ಫಾರಸಿ ಗಜಲಿನಿಂದ ಶರಾಬನ್ನು ತೆಗೆದುಹಾಕಿ ಪಾಠ ಮಾಡುತ್ತೀರಾ? ಕಲಾ ಇತಿಹಾಸಕಾರರು ಫತ್ವಾ ಕೊಡಲು ಕೂತವರಲ್ಲ. ಯಾರು, ಯಾವಾಗ, ಯಾರಿಗಾಗಿ, ಯಾವ ಬಣ್ಣದಲ್ಲಿ ಏನು ಬರೆದರು ಎಂದು ಹೇಳುವುದು ಅವರ ಕಸುಬು.

ಈ ಕಸುಬನ್ನು ಮುಸ್ಲಿಂ ವಿರೋಧಿಗಳು ಹುಟ್ಟುಹಾಕಿದರೆಂದು ತಿಳಿಯುವವರು ಥಾಮಸ್ ಆರ್ನಾಲ್ಡರನ್ನು ನೆನೆಯಬೇಕು. ಉರ್ದು ಓದಿದವರಿಗೆ ಈ ಹೆಸರು ಹೊಸದಲ್ಲ. ಅಲೀಗಢದಲ್ಲಿ ಸರ್ ಸಯ್ಯದರ ಕಾಲೇಜಿನಲ್ಲಿ ಹತ್ತು ವರ್ಷ ಪಾಠ ಮಾಡಿದವರು, ಶಿಬ್ಲಿ ನೊಮಾನಿಯವರ ಗೆಳೆಯ, ಲಾಹೋರಿನಲ್ಲಿ ಇಕ್ಬಾಲರ ಗುರು. ಅವರು ಊರು ಬಿಟ್ಟಾಗ ಇಕ್ಬಾಲರು ಅಗಲಿಕೆಯ ಕವಿತೆಯನ್ನೇ ಬರೆದರು. ಇಸ್ಲಾಂ ಕತ್ತಿಯಿಂದ ಹರಡಿತೆಂಬ ಆರೋಪಕ್ಕೆ ಉತ್ತರವಾಗಿ 1896ರಲ್ಲಿ ಅವರು ಬರೆದ ಗ್ರಂಥವನ್ನು ನಮ್ಮ ಭಾಷಣಕಾರರು ಇವತ್ತಿಗೂ ಉದ್ಧರಿಸುತ್ತಾರೆ. ಅದೇ ಆರ್ನಾಲ್ಡರು ಮುಂದೆ ಲಂಡನ್ನಿನಲ್ಲಿ ಪ್ರಾಧ್ಯಾಪಕರಾಗಿದ್ದಾಗ, 1928ರಲ್ಲಿ ಇಸ್ಲಾಮೀ ಚಿತ್ರಕಲೆಯ ಮೇಲೆ ದೊಡ್ಡ ಪುಸ್ತಕ ತಂದರು. ಚಿತ್ರದ ಮೇಲಿನ ನಿಷೇಧ ಏನು, ಅದರ ನಡುವೆಯೂ ಧಾರ್ಮಿಕ ಚಿತ್ರಗಳು ಹೇಗೆ ಬಂದವು ಎಂಬುದನ್ನೆಲ್ಲ ಅದರಲ್ಲಿ ಚರ್ಚಿಸಿದ್ದಾರೆ. ಮೊದಲನೆಯ ಪುಸ್ತಕಕ್ಕಾಗಿ ಅವರನ್ನು ತಲೆಯ ಮೇಲೆ ಹೊತ್ತವರು ಎರಡನೆಯದನ್ನು ಕಪಾಟಿನಲ್ಲೇ ಬಿಟ್ಟರು.

ಆ ಕೆಲಸ ಅಲ್ಲಿಂದ ಬಹಳ ಮುಂದೆ ಬಂದಿದೆ. ಮಿಷಿಗನ್ ವಿಶ್ವವಿದ್ಯಾಲಯದ ಕ್ರಿಸ್ಟಿಯಾನ್ ಗ್ರೂಬರ್ ತಮ್ಮ ವಿದ್ವತ್ ಜೀವನದ ಬಹುಭಾಗವನ್ನು ಇದಕ್ಕೇ ಕೊಟ್ಟಿದ್ದಾರೆ. ಹೆರಾತಿನಲ್ಲಿ 1436ರ ಸುಮಾರಿಗೆ ತಯಾರಾದ, ಈಗ ಪ್ಯಾರಿಸ್ಸಿನಲ್ಲಿರುವ ಮಿಅ್‌ರಾಜ್‌ನಾಮದ ಮೇಲೆ ಅವರು ಬರೆದಿದ್ದಾರೆ. ಪ್ರವಾದಿಯವರ ಚಿತ್ರಣದ ಇಡೀ ಪರಂಪರೆಯ ಮೇಲೆ 2018ರಲ್ಲಿ ದೊಡ್ಡ ಗ್ರಂಥ ತಂದಿದ್ದಾರೆ. ಮೊದಮೊದಲು ಮುಖ ಕಾಣಿಸುವಂತೆ ಬರೆದದ್ದು, ಹದಿನಾರನೇ ಶತಮಾನದಿಂದ ಮುಖದ ಮೇಲೆ ಬಿಳಿ ಪರದೆ ಬಂದದ್ದು, ತಲೆಯ ಸುತ್ತಿನ ಬೆಂಕಿಯ ಜ್ವಾಲೆ ದೊಡ್ಡದಾಗುತ್ತ ಹೋದದ್ದು, ಕೊನೆಗೆ ಕೆಲವೆಡೆ ಆಕೃತಿಯೇ ಹೋಗಿ ಬೆಳಕೊಂದೇ ಉಳಿದದ್ದು: ಇದೆಲ್ಲ ಮುಸ್ಲಿಮರ ಇಶ್ಕಿನ ಚರಿತ್ರೆ. ಚಿತ್ರ ಬೇಡವೆನ್ನುವವರೂ ಈ ಕತೆಯನ್ನು ತಿಳಿದಿರಬೇಕು. ಪರದೆ ಯಾಕೆ ಬಂತೆಂದು ತಿಳಿಯಬೇಕಾದರೆ ಪರದೆ ಇಲ್ಲದ ಕಾಲವೊಂದಿತ್ತು ಎಂಬುದು ಗೊತ್ತಿರಬೇಕಲ್ಲ.

ಇಷ್ಟು ದೂರದ ಮಾತೇಕೆ, ನಮ್ಮ ವಿಜಯಪುರದಲ್ಲೇ ಅಸರ್ ಮಹಲ್ ಇದೆ. ಪ್ರವಾದಿಯವರ (ಸ) ಪವಿತ್ರ ಕೇಶವನ್ನು ಇರಿಸಿರುವ ಕಟ್ಟಡ. ಮುಹಮ್ಮದ್ ಆದಿಲ್‌ಶಾಹಿಯ ಕಾಲದ್ದು. ಅದೇ ಕಟ್ಟಡದ ಮೇಲಂತಸ್ತಿನ ಗೋಡೆಗಳಲ್ಲಿ ಬಳ್ಳಿ, ಹೂದಾನಿಗಳ ಜೊತೆಗೆ ಮನುಷ್ಯಾಕೃತಿಗಳ ಚಿತ್ರಗಳೂ ಇದ್ದವು. ಈಗ ಮಾಸಿ, ಕೆರೆದು ಹೋಗಿವೆ. ಆಸಾರ್ ಶರೀಫಿಗೆ ಸಲಾಮು ಹೇಳಿ ಬರುವ ಸಾವಿರಾರು ಜನರಲ್ಲಿ ಈ ಚಿತ್ರಗಳ ಬಗ್ಗೆ ಕೇಳಿದವರು ಎಷ್ಟು ಮಂದಿ? ಆದಿಲ್‌ಶಾಹಿ ಕಾಲದ ಸಾಹಿತ್ಯವನ್ನು ಕನ್ನಡಕ್ಕೆ ತರುವ ಯೋಜನೆಗೆ ವಿಜಯಪುರದಲ್ಲಿ ದುಡಿದವರು ಎಂ.ಎಂ. ಕಲಬುರ್ಗಿ, 2015ರ ಆಗಸ್ಟಿನಲ್ಲಿ ಅವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಅಕ್ಷರಗಳು ಕನ್ನಡಕ್ಕೆ ಬಂದವು, ಚಿತ್ರಗಳು ಬರಲಿಲ್ಲ. 1570ರಲ್ಲಿ ಬಿಜಾಪುರದಲ್ಲಿ ಬರೆದ ನುಜೂಮುಲ್ ಉಲೂಮಿನ ಚಿತ್ರಗಳನ್ನು ಡಬ್ಲಿನ್ ನಗರದಲ್ಲಿ ಕಾಪಾಡಿಟ್ಟಿದ್ದಾರೆ. ನಮ್ಮ ಊರಿನ ಬಣ್ಣ ನೋಡಲು ಐರ್ಲೆಂಡಿಗೆ ಹೋಗಬೇಕು, ಇಲ್ಲವೇ ತೆರೆಯ ಮೇಲೆ ತೋರಿಸುವ ಒಬ್ಬ ಅಧ್ಯಾಪಕಿ ಸಿಗಬೇಕು.

ಆ ವಿದ್ಯಾರ್ಥಿನಿಯ ನೋವನ್ನು ನಾನು ಲೇವಡಿ ಮಾಡುತ್ತಿಲ್ಲ. ಅವಳು ಮುಸ್ಲಿಂ, ಕರಿಯ ಹುಡುಗಿ. ಮುಸ್ಲಿಂ ದೇಶಗಳವರಿಗೆ ಗಡಿಯಲ್ಲೇ ಬಾಗಿಲು ಹಾಕಿದ ಸರಕಾರವನ್ನು 2017ರಿಂದ ಕಂಡ ಪೀಳಿಗೆ ಅದು. ಜೀವಮಾನದಲ್ಲಿ ನೋಡದ ಚಿತ್ರ ಎದುರಿಗೆ ಬಂದಾಗ ಎದೆ ಧಸಕ್ಕೆಂದಿದ್ದರೆ ಆಶ್ಚರ್ಯವಿಲ್ಲ. ನನ್ನ ತಾಯಿ ನೋಡಿದ್ದರೂ ತೌಬಾ ತೌಬಾ ಅನ್ನುತ್ತಿದ್ದರು. ನೊಂದ ಹುಡುಗಿಗೆ ಹಿರಿಯರಾದವರು ಏನು ಹೇಳಬೇಕಿತ್ತು? ಮಗಳೇ, ನೀನು ನೋಡದಿರುವುದು ನಿನ್ನ ಹಕ್ಕು. ಆದರೆ ಇದನ್ನು ಬರೆದವರೂ ಕಲಿಮಾ ಹೇಳಿದವರೇ, ನಿನ್ನನ್ನು ಹೀಯಾಳಿಸಲು ಬರೆದದ್ದಲ್ಲ ಎಂದು ಕೂರಿಸಿಕೊಂಡು ಹೇಳಬೇಕಿತ್ತು. ಅದರ ಬದಲು ವಿಶ್ವವಿದ್ಯಾಲಯ, ನಿನಗಾದದ್ದು ದ್ವೇಷದ ಗಾಯ ಎಂದು ಅವಳಿಗೆ ಮೊಹರು ಒತ್ತಿ ಕೊಟ್ಟಿತು. ಒಂದು ಹುಡುಗಿಯ ಅಜ್ಞಾತಕ್ಕೆ ಪಾಠ ಬೇಕಿದ್ದಾಗ ಪ್ರಮಾಣಪತ್ರ ಕೊಟ್ಟಿತು. ಆಮೇಲೆ ಜಗತ್ತಿನ ಪತ್ರಿಕೆಗಳೆಲ್ಲ ಮುಗಿಬಿದ್ದಾಗ ಬೈಗುಳ ತಿಂದವಳೂ ಅವಳೇ.

ಆಡಳಿತಕ್ಕೆ ಮುಸ್ಲಿಮರ ಮೇಲೆ ಅಷ್ಟು ಪ್ರೀತಿ ಉಕ್ಕಿತೇ? ನನಗೆ ನಂಬಿಕೆಯಿಲ್ಲ. ಒಂದು ಪ್ರಶ್ನೆ ಕೇಳಿಕೊಳ್ಳಿ. ಅದೇ ಚಿತ್ರವನ್ನು ಇಪ್ಪತ್ತು ವರ್ಷ ಸೇವೆಯಾದ ಕಾಯಂ ಪ್ರಾಧ್ಯಾಪಕರು ತೋರಿಸಿದ್ದರೆ? ಸಮಿತಿ ಕೂರುತ್ತಿತ್ತು, ನೋಟಿಸು ಹೋಗುತ್ತಿತ್ತು, ಉತ್ತರ ಬರುತ್ತಿತ್ತು, ವಕೀಲರು ಬರುತ್ತಿದ್ದರು. ಈಕೆಯ ವಿಷಯದಲ್ಲಿ ಇದ್ಯಾವುದೂ ಬೇಕಾಗಲಿಲ್ಲ. ಮುಂದಿನ ಸೆಮಿಸ್ಟರಿಗೆ ಕರೆಯದಿದ್ದರೆ ಸಾಕು. ಆಮೇಲೆ ಅಧ್ಯಕ್ಷೆ ಹೇಳಿದ್ದೂ ಅದನ್ನೇ: ನಾವು ಕೆಲಸದಿಂದ ತೆಗೆದಿಲ್ಲ, ಆಕೆ ಆ ಸೆಮಿಸ್ಟರ್ ಪೂರ್ತಿ ಪಾಠ ಮಾಡಿದ್ದಾರೆ. ಕೊಂದಿಲ್ಲ ಸ್ವಾಮಿ, ಊಟ ಹಾಕುವುದನ್ನು ನಿಲ್ಲಿಸಿದೆವು ಅಷ್ಟೇ ಅಂದ ಹಾಗೆ. ಅಮೆರಿಕದ ಕಾಲೇಜು ಅಧ್ಯಾಪಕರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಮಂದಿ ಕಾಯಮಾತಿಯ ದಾರಿಯ ಹೊರಗಿದ್ದಾರೆ. ಡಾಕ್ಟರೇಟ್ ಮಾಡಿ, ಈ ಕಾಲೇಜಿನಲ್ಲಿ ಒಂದು ಕೋರ್ಸು, ಆ ಕಾಲೇಜಿನಲ್ಲಿ ಒಂದು ಕೋರ್ಸು ಎಂದು ಓಡಾಡುವ ಜನ. ಕಲಾ ಇತಿಹಾಸದಂಥ ವಿಷಯದಲ್ಲಿ ಕಾಯಂ ಹುದ್ದೆಗಳು ಇನ್ನೂ ಅಪರೂಪ.

ಕರ್ನಾಟಕದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಸರಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಬೆನ್ನ ಮೇಲೆ. 2023ರ ಕೊನೆಯಲ್ಲಿ ಅವರು ತರಗತಿ ಬಿಟ್ಟು ವಾರಗಟ್ಟಲೆ ಧರಣಿ ಕೂತಿದ್ದರು. ಮನೆಗೆ ಬಂದ ಅತಿಥಿಗೆ ಚಹಾ ಕೊಟ್ಟು ಕಳಿಸುತ್ತೇವೆ. ಈ ಅತಿಥಿಗಳನ್ನು "ಈ ಸಲ ಕಾರ್ಯಭಾರ ಇಲ್ಲ" ಎಂಬ ನಾಲ್ಕು ಪದಗಳಲ್ಲಿ ಕಳಿಸುತ್ತಾರೆ. ಕಾರಣ ಕೇಳುವ ಹಾಗಿಲ್ಲ. ಅಂಥವರಲ್ಲಿ ನಮ್ಮ ಹೆಣ್ಣುಮಕ್ಕಳೂ ಇದ್ದಾರೆ, ಎಂ.ಎ. ಮಾಡಿ, ನೆಟ್ ಮಾಡಿ, ಬುರ್ಖಾ ಹಾಕಿಕೊಂಡು ಎರಡು ಬಸ್ಸು ಬದಲಿಸಿ ಪಾಠಕ್ಕೆ ಹೋಗುವವರು. ಯಾರದೋ ಭಾವನೆಗೆ ಧಕ್ಕೆಯಾಯಿತೆಂಬ ಒಂದು ಅರ್ಜಿ ಬಂದರೆ ಮೊದಲು ಹೋಗುವ ಕೆಲಸ ಅವರದು. ಹ್ಯಾಮ್ಲಿನ್ ಪ್ರಕರಣದಲ್ಲಿ ಮುಸ್ಲಿಮರು ಗೆದ್ದರು ಎಂದು ಯಾರಾದರೂ ಎಣಿಸಿದ್ದರೆ ಆ ಹೆಣ್ಣುಮಕ್ಕಳ ಸ್ಥಾನದಲ್ಲಿ ನಿಂತು ಮತ್ತೆ ಎಣಿಸಲಿ.

ಅಲ್ಲಿನ ಮುಸ್ಲಿಮರೇ ಹಾಗೆ ಎಣಿಸಲಿಲ್ಲ ಎಂಬುದನ್ನೂ ದಾಖಲಿಸಬೇಕು. ಮುಸ್ಲಿಂ ಪಬ್ಲಿಕ್ ಅಫೇರ್ಸ್ ಕೌನ್ಸಿಲ್ 2023ರ ಜನವರಿಯಲ್ಲಿ ಅಧ್ಯಾಪಕಿಯ ಪರವಾಗಿ ಹೇಳಿಕೆ ಕೊಟ್ಟು, ನಿರ್ಧಾರ ಹಿಂತೆಗೆದುಕೊಳ್ಳಿ ಎಂದಿತು. ಅಮೆರಿಕದ ಮುಸ್ಲಿಂ ನಾಗರಿಕ ಹಕ್ಕುಗಳ ದೊಡ್ಡ ಸಂಸ್ಥೆ ಸಿಎಐಆರ್‌ನ ಮಿನೆಸೋಟ ಶಾಖೆ ವಿಶ್ವವಿದ್ಯಾಲಯದ ಕಡೆಗಿತ್ತು; ಅದರ ರಾಷ್ಟ್ರೀಯ ಕಚೇರಿಯೇ ಮುಂದೆ ಬಂದು, ಆಕೆಯ ಪಾಠದಲ್ಲಿ ಮುಸ್ಲಿಂ ದ್ವೇಷದ ಉದ್ದೇಶಕ್ಕೆ ಆಧಾರ ಕಾಣುವುದಿಲ್ಲ ಎಂದಿತು. ಡ್ಯೂಕ್ ವಿಶ್ವವಿದ್ಯಾಲಯದ ಉಮೀದ್ ಸಫಿ ತಾನು ಇಂಥ ಚಿತ್ರಗಳನ್ನು ತರಗತಿಯಲ್ಲಿ ಸದಾ ತೋರಿಸುತ್ತೇನೆ ಎಂದರು. ಅದೇ ಮಿನೆಸೋಟದ ಕಾರ್ಲ್‌ಟನ್ ಕಾಲೇಜಿನ ಇತಿಹಾಸಕಾರ್ತಿ ಅಮ್ನಾ ಖಾಲಿದ್ ಇನ್ನೂ ನೇರವಾಗಿ ಬರೆದರು: ಕೋಟಿ ಕೋಟಿ ಮುಸ್ಲಿಮರನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ವಿಶ್ವವಿದ್ಯಾಲಯದಿಂದ, ಮುಸ್ಲಿಮಳಾಗಿ ತನಗೇ ಅವಮಾನವಾಗಿದೆ ಎಂದು. ಮುಂದಿನದು ಬೇಗ ಹೇಳಿ ಮುಗಿಸುತ್ತೇನೆ. ಲೋಪೆಸ್ ಪ್ರೇಟರ್ ಜನವರಿಯಲ್ಲಿ ಮೊಕದ್ದಮೆ ಹೂಡಿದರು. ವಿಶ್ವವಿದ್ಯಾಲಯ ತಾನು ಬಳಸಿದ ಪದ ತಪ್ಪಾಯಿತೆಂದಿತು. ಅಲ್ಲಿನ ಕಾಯಂ ಅಧ್ಯಾಪಕರು 71ಕ್ಕೆ 12 ಮತಗಳಿಂದ ಅಧ್ಯಕ್ಷೆಯ ರಾಜೀನಾಮೆ ಕೇಳಿದರು. ಆಕೆ ಏಪ್ರಿಲಿನಲ್ಲಿ ನಿವೃತ್ತಿ ಘೋಷಿಸಿದರು. ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಹೆಚ್ಚಿನ ಆಪಾದನೆಗಳನ್ನು ಕೈಬಿಟ್ಟರೂ ಧಾರ್ಮಿಕ ತಾರತಮ್ಯದ ಅಂಶವನ್ನು ವಿಚಾರಣೆಗೆ ಉಳಿಸಿಕೊಂಡಿತು.

ನನ್ನ ಒಬ್ಬ ಗೆಳೆಯರು ಬರೋಡವನ್ನೂ ಹ್ಯಾಮ್ಲಿನ್ನನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ ಎನ್ನುತ್ತಾರೆ. ಅಲ್ಲಿ ನುಗ್ಗಿದ್ದು ಅಧಿಕಾರದ ಬೆಂಬಲವಿದ್ದ ಬಹುಸಂಖ್ಯಾತರ ಗುಂಪು, ಇಲ್ಲಿ ದೂರು ಕೊಟ್ಟದ್ದು ಅಲ್ಪಸಂಖ್ಯಾತ ಸಮುದಾಯದ ಒಂಟಿ ಹುಡುಗಿ. ಮಾತು ನಿಜ. ಬರೋಡದಲ್ಲಿ ಹೊಡೆದಾಟದ ಭಯವಿತ್ತು, ಪೊಲೀಸರಿದ್ದರು, ಜೈಲಿತ್ತು. ಸೇಂಟ್ ಪಾಲ್‌ನಲ್ಲಿ ಇದ್ದದ್ದು ಮಿಂಚಂಚೆ ಮಾತ್ರ. ಆದರೆ ಎರಡೂ ಕಡೆ ವಿಶ್ವವಿದ್ಯಾಲಯ ಮಾಡಿದ ಕೆಲಸ ಒಂದೇ. ಆ ಚಿತ್ರದ ಬಗ್ಗೆ ತನ್ನಲ್ಲೇ ಎಲ್ಲರಿಗಿಂತ ಹೆಚ್ಚು ತಿಳಿದ ವ್ಯಕ್ತಿಯನ್ನು ಕೂರಿಸಿ ಕೇಳುವ ಬದಲು ಹೊರಗೆ ಕಳಿಸಿತು. ಪಣಿಕ್ಕರ್ ದೇವಿಯರನ್ನು ಬಲ್ಲವರು ಎಂಬುದು ಅಲ್ಲಿ ಲೆಕ್ಕಕ್ಕೆ ಬರಲಿಲ್ಲ, ಜಾಮಿಉತ್ತವಾರೀಖ್ ಮುಸ್ಲಿಮರದು ಎಂಬುದು ಇಲ್ಲಿ ಲೆಕ್ಕಕ್ಕೆ ಬರಲಿಲ್ಲ. ಅಲ್ಪಸಂಖ್ಯಾತರ ನೋವೆಂದರೆ ವಿಚಾರಣೆಯೇ ಬೇಡ ಎಂದಾದರೆ ಅದು ನಮಗೆ ಗೌರವವಲ್ಲ. ಇವರ ಜೊತೆ ಮಾತಾಡಿ ಪ್ರಯೋಜನವಿಲ್ಲ, ಬೇಗ ಸುಮ್ಮನಾಗಿಸಿ ಎಂಬ ತಾತ್ಸಾರ.

ಆ ತಾತ್ಸಾರಕ್ಕೆ ನಾವೂ ಸಾಕಷ್ಟು ಸೌದೆ ಒದಗಿಸಿದ್ದೇವೆ. 2004ರಲ್ಲಿ ಹುಸೇನರ 'ಮೀನಾಕ್ಷಿ' ಸಿನಿಮಾವನ್ನು ಚಿತ್ರಮಂದಿರಗಳಿಂದ ಇಳಿಸಿದ್ದು ಬಜರಂಗದಳವಲ್ಲ. ಕವ್ವಾಲಿಯೊಂದರಲ್ಲಿ ಕುರ್‌ಆನಿನ ಪದಗಳಿವೆ ಎಂದು ಗದ್ದಲ ಎಬ್ಬಿಸಿದ ನಮ್ಮ ಉಲೇಮಾ ಸಂಘಟನೆಗಳು. ಇನ್ನು ಕೇರಳದ ತೊಡುಪುಳದ್ದು ಹೇಳಲೂ ನಾಲಿಗೆ ಏಳುವುದಿಲ್ಲ. ಪ್ರಶ್ನೆಪತ್ರಿಕೆಯ ಒಂದು ಪ್ರಶ್ನೆಗಾಗಿ 2010ರ ಜುಲೈನಲ್ಲಿ ಪ್ರಾಧ್ಯಾಪಕ ಟಿ.ಜೆ. ಜೋಸೆಫರ ಕೈ ಕಡಿದರು. ಕೈ ಕಡಿದವರು ಮುಸ್ಲಿಂ ಹೆಸರಿನವರು, ಕೆಲಸದಿಂದ ವಜಾ ಮಾಡಿದ್ದು ಅವರದೇ ಧರ್ಮದ ಆಡಳಿತವಿದ್ದ ಕಾಲೇಜು. ನಾಲ್ಕು ವರ್ಷದ ಮೇಲೆ ಅವರ ಹೆಂಡತಿ ಪ್ರಾಣ ಕಳೆದುಕೊಂಡರು. ಆಮೇಲೆ, ನಿವೃತ್ತಿಗೆ ಮೂರ್ನಾಲ್ಕು ದಿನ ಇರುವಾಗ ಕಾಲೇಜು ಅವರನ್ನು ವಾಪಸು ಕರೆಯಿತು. ಅಮೆರಿಕದ ಅಧಿಕಾರಿ ಮುಸ್ಲಿಂ ಎಂಬ ಪದ ಕೇಳಿದ ಕೂಡಲೇ ಕಾಗದಕ್ಕೆ ಗಾಬರಿಯಿಂದ ಸಹಿ ಹಾಕುತ್ತಾನಾದರೆ, ಆ ಗಾಬರಿಯ ಹಿಂದೆ ಇಂಥ ಕತ್ತಿಗಳ ನೆರಳಿದೆ. ಗೌರವ ಎಂದು ಅದಕ್ಕೆ ಹೆಸರಿಡಬೇಡಿ.

ಈ ಪುಟಗಳ ಓದುಗರಲ್ಲಿ ಮಸೀದಿ ಕಮಿಟಿಯವರಿದ್ದಾರೆ, ಕಾಲೇಜು ನಡೆಸುವವರಿದ್ದಾರೆ, ಮಕ್ಕಳನ್ನು ಓದಿಸುತ್ತಿರುವವರಿದ್ದಾರೆ. ನಿಮ್ಮ ಮಗಳು ಇಂಜಿನಿಯರಿಂಗ್ ಬೇಡ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೋ ಮೈಸೂರಿನ ಕಾವಾಕ್ಕೋ ಹೋಗಿ ಕಲಾ ಇತಿಹಾಸ ಓದುತ್ತೇನೆ, ಆದಿಲ್‌ಶಾಹಿ ಚಿತ್ರಗಳ ಮೇಲೆ ಸಂಶೋಧನೆ ಮಾಡುತ್ತೇನೆ ಎಂದಳು ಎಂದುಕೊಳ್ಳಿ. ಹೊಟ್ಟೆಪಾಡಿನ ಪ್ರಶ್ನೆ ಕೇಳುತ್ತೀರಿ, ಕೇಳಲೇಬೇಕು. ಓದಿ ಮುಗಿಸಿ ಯಾವುದೋ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾದಳು ಎಂದುಕೊಳ್ಳಿ. ಒಂದು ದಿನ, ನೋಡಲು ಇಷ್ಟವಿಲ್ಲದವರು ಹೊರಗೆ ಹೋಗಬಹುದು ಎಂದು ಎರಡು ಸಲ ಹೇಳಿ, ತಬ್ರೀಜಿನ ಆ ಹಾಳೆಯನ್ನು ತೆರೆಯ ಮೇಲೆ ತೋರಿಸಿ, ಇದು ಏಳುನೂರು ವರ್ಷದ ಹಿಂದೆ ನಮ್ಮವರು ಬರೆದದ್ದು, ಒಂದು ಕಾಲದಲ್ಲಿ ನಮ್ಮ ದೇಶದಲ್ಲಿದ್ದ ಪುಸ್ತಕ ಎಂದಳು. ಮಾರನೆಯ ದಿನ ಅರ್ಜಿ ಬಂತು. ಪ್ರಾಂಶುಪಾಲರು ಕರೆದು ಮುಂದಿನ ಸೆಮಿಸ್ಟರಿಗೆ ಕಾರ್ಯಭಾರ ಇಲ್ಲ ಎಂದರು. ಜಮಾತಿನಿಂದ ಅವಳ ಪರವಾಗಿ ಆ ಕೋಣೆಗೆ ಹೋಗಿ ಕೂರುವವರು ಯಾರು? ಹೇಳಿಕೆ ಬೇಡ, ಹೆಸರು ಹೇಳಿ.